ಬಾಡಿಗಿ ಮನಿ ಗ್ವಾಡಿಗೆ ಗಂಜಿ ಹಚ್ಚಿ ಕೂಸಿನ ಖೋಲಿ ಮಾಡಿದ್ದು: ನನ್ನ ಅನುಭವ

ಹೋದ ತಿಂಗಳ ಮುಂಬೈ ಹತ್ರದ ಡೊಂಬಿವಲಿ ಈಸ್ಟಿನ ನಮ್ಮ ಬಾಡಿಗಿ ಮನಿ ಖಾಲಿ ಮಾಡಿದ್ವಿ. ಓನರ್ ಬಂದು ಮಲಗೋ ಖೋಲಿ ಗ್ವಾಡಿಗೆ ಮೂಗು ತಾಗೋವಷ್ಟು ಹತ್ರ ಹೋಗಿ ನೋಡಿದ್ರು, ಕೈ ಆಡಿಸಿದ್ರು, ಮೊಬೈಲ್ ಟಾರ್ಚ್ ಹಾಕಿದ್ರು. ಒಂದು ಕಲೆ ಸಿಗಲಿಲ್ಲ. 60,000 ಡಿಪಾಸಿಟ್ ಪೂರಾ ವಾಪಸ್. ಅದೇ ಗ್ವಾಡಿ ಮ್ಯಾಲೆ ವರ್ಷದ ಮ್ಯಾಲೆ ಆರು ಫೂಟ್ ಉದ್ದದ ಅರಿವಿ ಲೋಕಲ್ ಟ್ರೇನ್ ಓಡಿತ್ತು ಅಂದ್ರ ಅವರು ನಂಬಲೇ ಇಲ್ಲ, ಫೋಟೋ ತೋರಿಸಬೇಕಾಯ್ತು. ಅದಕ್ಕ ಬರೀಲಿಕ್ಕತ್ತೀನಿ, ಯಾಕಂದ್ರ ಆಗ ನಮ್ಮನಿಯವ್ರು, ಅತ್ತಿ, ಎದುರು ಮನಿ ಕಾಕು ಎಲ್ಲಾರೂ ಸೇರಿ ಗಂಜಿಲೆ ಗ್ವಾಡಿಗೆ ಅರಿವಿ ಅಂಟಿಸೋದು ಆಗೋ ಮಾತಲ್ಲ ಅಂದಿದ್ರು.

ನಮ್ಮ ಅಗ್ರಿಮೆಂಟಿನ್ಯಾಗ ಮೊಳಿ ಹೊಡಿಯಂಗಿಲ್ಲ, ಡ್ರಿಲ್ ಇಲ್ಲ, ಬಣ್ಣ ಇಲ್ಲ. ಆಗ ನಾ ಬಸರಿ, ಬಿಪಿ ಅಂತ ಡಾಕ್ಟರ್ ಪ್ರಯಾಣ ಬ್ಯಾಡ ಅಂದಿದ್ದಕ್ಕ ಧಾರವಾಡಕ್ಕ ತವರಿಗೂ ಹೋಗಲಿಲ್ಲ, ಮನ್ಯಾಗ ಕುಂತು ಕುಂತು ಕೈ ಕಡೀತಿತ್ತು. ಮೊದಲ ಆನ್‌ಲೈನ್‌ನ್ಯಾಗ 700 ರೂಪಾಯಿ ಕೊಟ್ಟು ಜಿರಾಫಿ, ಮೋಡ ಇರೋ ಸ್ಟಿಕರ್ ತರಿಸಿದೆ. ಎರಡು ತಿಂಗಳಿಗೆ ಜಿರಾಫಿ ಕುತ್ತಿಗಿ ಬಗ್ಗಿಸ್ತು, ಕೀಳಾಕ ಹೋದ್ರ ಅದರ ಹೊಟ್ಟಿಯಷ್ಟು ಅಗಲ ಗ್ವಾಡಿ ಬಣ್ಣ ಕಿತ್ಕೊಂಡು ಬಂತು. (ಆ ಜಾಗ ಸ್ವಿಚ್‌ಬೋರ್ಡ್ ಪಕ್ಕಕ್ಕ ಇತ್ತು, ಅದಕ್ಕ ಡಬ್ಬಿ ಬಣ್ಣ ತಂದು ತಿದ್ದಿದ್ದು ಬ್ಯಾರೆ ಕತಿ, 180 ಹೋತು.) ವಾಲ್‌ಪೇಪರಿನವನ್ನ ಕೇಳಿದ್ರ ಒಂದು ಗ್ವಾಡಿಗೆ 9,000 ಅಂದ, ಬಿಚ್ಚಿದ್ರ ಗ್ಯಾರಂಟಿ ಇಲ್ಲ ಅಂದ.

ಗಂಜಿ ನೆನಪಾಗಿದ್ದು ಸೀರಿಗೆ ಗಂಜಿ ಹಾಕೋವಾಗ. ಬಕೀಟಿನ ಅಂಚಿಗೆ ಅಂಟಿ ಒಣಗಿದ ಸೆರಗು ಚರ್ ಅಂತ ಬಂತು, ಮ್ಯಾಲೆ ನೀರು ಬಿದ್ದ ಕೂಡ್ಲೆ ಉಳಿದದ್ದೂ ತಾನೇ ಜಾರ್ತು. ಅಷ್ಟು ಸಾಕಾಯ್ತು ನನಗ.

ಏಪ್ರಿಲ್ ಕೊನಿಗೆ ಮೈದಾ ಕುದಿಸಿ ಗಂಜಿ ಮಾಡಿ, ದಪ್ಪಗ ಬಳಿದು ಅರಿವಿ ಅಂಟಿಸಿದೆ, ಮೇ ತನಕ ಛಲೋ ಇತ್ತು, ನಾ ಎಲ್ಲಾರಿಗೂ ಕರದು ಕರದು ತೋರಿಸಿದೆ. ಜೂನ್ ಎರಡನೇ ವಾರ ಮಳಿ ಹಿಡೀತು. ಎದುರು ಮನಿ ಕಾಕು ಬಾಗಿಲದಾಗ ನಿಂತು "ಬುರಶೀ ಯೇಣಾರ ಗಂ" (ಬೂಸ್ಟು ಬರ್ತದ ನೋಡವಾ) ಅಂತ ಮರಾಠಿಲೆ ಅಂದ್ರು. ಬಂತು. ಜುಲೈ ಮೊದಲ ವಾರಕ್ಕ ಅರಿವಿ ಮ್ಯಾಲೆ ಸಾಸಿವಿ ಚೆಲ್ಲಿದಂಗ ಕರೀ ಚುಕ್ಕಿ, ಖೋಲಿ ತುಂಬ ಹಳಸಿದ ಹಿಟ್ಟಿನ ವಾಸನಿ, ರಾತ್ರಿ ಲೈಟ್ ಹಾಕಿದ್ರ ಜಿರಳಿ ಅಂಚು ಕಚ್ಚಿ ತಿನ್ನಲಿಕ್ಕತ್ತಿದ್ವು. ನಮ್ಮನಿಯವ್ರು ಮೂಗಿಗೆ ಅರಿವಿ ಕಟ್ಕೊಂಡು ಎಲ್ಲಾ ಕಿತ್ತು, ಗ್ವಾಡಿ ಒರಸಿದ್ರು, ಬಾಯಿಲೆ ಒಂದು ಮಾತೂ ಆಡಲಿಲ್ಲ. ಆಡಿದ್ರ ಛಲೋ ಇತ್ತು.

ತಪ್ಪು ಎಲ್ಲಿತ್ತಂದ್ರ, ದಪ್ಪ ಗಂಜಿ ಒಳಗ ಒಣಗೋದೇ ಇಲ್ಲ. ಮತ್ತ ನಾ ಹಚ್ಚಿದ್ದು ಹೊರಗಿನ ಗ್ವಾಡಿಗೆ, ಪಡುವಣ ದಿಕ್ಕಿಂದು, ಮಳಿ ಹೊಡಿಯೋದು ಅಲ್ಲೇ. ಆಗಸ್ಟ್ ಕೊನಿಗೆ ನಾಕು ದಿನ ಬಿಸಲು ಬಿದ್ದಾಗ ಹಠಕ್ಕ ಮತ್ತ ಹಚ್ಚಿದೆ, ಈ ಸಲ ಎರಡು ಖೋಲಿ ನಡುವಿನ ಒಳಗಿನ ಗ್ವಾಡಿಗೆ. (ಮಳಿಗಾಲದಾಗ ಹಚ್ಚಬಾರದು, ನನಗ ಹೊಟ್ಟಿ ಎಂಟು ತಿಂಗಳಾಗಿತ್ತು, ಬ್ಯಾರೆ ಟೈಮ್ ಇರಲಿಲ್ಲ.) ಮೈದಾ ಬಿಟ್ಟು ಕಾರ್ನ್‌ಫ್ಲೋರ್. ಎರಡು ದೊಡ್ಡ ಚಮಚ ಪುಡಿ ತಣ್ಣೀರಾಗ ಕಲಸಿ, ಸುಮಾರು ನಾಕು ಕಪ್ ಕುದಿಯೋ ನೀರಿಗೆ ಹಾಕಿ ತಿರುವಿದ್ರ ಬಿಳುಪು ಹೋಗಿ ಗಾಜಿನಂಗ ತಿಳಿ ಆಗ್ತದ, ಆಗ ಇಳಿಸೋದು. ಹಾಲಿನಷ್ಟು ತೆಳ್ಳಗಿರಬೇಕು, ಕೆನಿಯಷ್ಟು ದಪ್ಪ ಆದ್ರ ನೀರು ಬಿಡ್ರಿ. ಬೂಸ್ಟು ಬರಬಾರದಂತ ಅದಕ್ಕ ಅರ್ಧ ಚಮಚ ಪಟಿಕದ ಪುಡಿ. ಮೈಲುತುತ್ತ ಹಾಕು ಅಂತ ಒಬ್ರು ಹೇಳಿದ್ರು, ಅದು ವಿಷ, ಕೂಸಿನ ಖೋಲಿಗೆ ಆ ಹೆಸರೇ ತಗೀಬ್ಯಾಡ್ರಿ. ಜಿರಳಿಗೆ ಇನ್ನೊಂದು ಹಾಕ್ತೀನಿ, ಅಡಗಿ ಮನ್ಯಾಗ ಎಲ್ಲಾರ ಹತ್ರ ಇರೋದೇ, ಅದನ್ನ ಮಾತ್ರ ಹೇಳಂಗಿಲ್ಲ, ನಮ್ಮ ಕಡಿಯ ಮೂರು ಮನಿಗೆ ನಾನೇ ಹೋಗಿ ಹಚ್ಚಿ ಬಂದೀನಿ, ಸ್ವಲ್ಪ ರೊಕ್ಕ ಬರ್ತದ.

ಗಂಜಿ ಗ್ವಾಡಿಗೆ ಒಂದು ಕೈ ಬಳಿಯೋದು, ಅರಿವಿ ಇಟ್ಟ ಮ್ಯಾಲೆ ಒಂದು ಕೈ, ಹಳೇ ಎಟಿಎಂ ಕಾರ್ಡಿಲೆ ನಡುವಿಂದ ಅಂಚಿಗೆ ಗಾಳಿ ತಳ್ಳೋದು, ಫ್ಯಾನ್ ಐದರ ಮ್ಯಾಲೆ. ಒಣಗಲಿಕ್ಕೆ ಎರಡು ದಿನ ಹಿಡೀತು, ಮಾರ್ಚಿನ್ಯಾಗ ಬ್ಯಾರೆಯವರ ಮನ್ಯಾಗ ಹಚ್ಚಿದ್ದು ಮೂರು ತಾಸಿಗೆ ಒಣಗ್ತು. ಗ್ವಾಡಿಗೆ ಕೈ ಉಜ್ಜಿದ್ರ ಬಿಳೀ ಪುಡಿ ಬರ್ತದ ಅಂದ್ರ ಅದು ಸಾದಾ ಡಿಸ್ಟೆಂಪರ್, ಅಲ್ಲಿ ಈ ಕೆಲಸ ಬ್ಯಾಡ, ಬಣ್ಣ ಅರಿವಿ ಜೋಡೀನೇ ಬರ್ತದ. ಪ್ಲಾಸ್ಟಿಕ್ ಪೇಂಟ್ ಇದ್ರ ಚಿಂತಿ ಇಲ್ಲ.

ಟ್ರೇನಿನ ಮೈಗೆ ಮುಂಬೈನ ಅರಿವಿ ಪೇಟಿ ಮಂಗಲದಾಸ್ ಮಾರ್ಕೆಟಿನ ಕಟ್‌ಪೀಸ್ ಪಾಪ್ಲಿನ್, ಆರು ಮೀಟರ್‌ಗೆ ಸುಮಾರು 550 ಆಯ್ತು. (ಭಾನುವಾರ ಬಂದ್ ಇರ್ತದ, ಒಂದು ಸಲ ಸಿಎಸ್‌ಎಂಟಿ ಸ್ಟೇಷನ್ ತನಕ ಸುಮ್ನ ಹೋಗಿ ಬಂದೆ.) ಕಿಟಕಿ ಏಳು, ಒಂದೊಂದು ಕಿಟಕಿ ಒಬ್ಬೊಬ್ರ ಸೀರಿದು: ನನ್ನ ಅಜ್ಜಿದು, ಅವ್ವಂದು, ಅತ್ತಿದು, ಹಿಂಗ. ಅಜ್ಜಿಯ ಮೂವತ್ತು ವರ್ಷದ ಇಳಕಲ್ ಸೀರಿ ಒಗದು ಒಗದು ಹಾಳಿಯಂಗ ಆಗಿತ್ತು, ಚಂದ ಅಂಟ್ತು. ಆದ್ರ ನನ್ನ ಮದುವಿ ಇಳಕಲ್ಲಿನ ಕೆಂಪು ತುಂಡು ಗಂಜಿ ತಾಗಿದ ಕೂಡ್ಲೆ ಕುಂಕುಮ ನೀರು ಬಿಟ್ಟಂಗ ಹರೀತು. ಉಪ್ಪು ನೀರಾಗ ನೆನಸಿ ನೋಡಿದೆ, ಏನೂ ಉಪಯೋಗ ಆಗಲಿಲ್ಲ. ಟೆಸ್ಟ್ ಮಾಡಿದ್ದು ಕಪಾಟಿನ ಹಿಂದ, ಆ ಗುಲಾಬಿ ಕಲೆ ಇನ್ನೂ ಅಲ್ಲೇ ಇರಬೇಕು, ಓನರ್ ಕಪಾಟು ಸರಿಸಲಿಲ್ಲ. ಗುಳೇದಗುಡ್ಡದ ಖಣಾನೂ (ಕುಪ್ಪಸದ ಅರಿವಿ) ಆಗಲಿಲ್ಲ, ಒಣಗಿದ ಮ್ಯಾಲೆ ಸುರುಳಿ ಸುತ್ಕೊಂಡು ಬಿತ್ತು. ಅದನ್ನ ತ್ರಿಕೋನ ಕತ್ತರಿಸಿ ದಾರಕ್ಕ ಪೋಣಿಸಿ ಪಡದೆ ರಾಡಿಗೆ ತೋರಣ ಕಟ್ಟಿದೆ.

ನಡುವ ಉಪ್ಪು ಹಿಟ್ಟಿನ ಹುಚ್ಚೂ ಹಿಡದಿತ್ತು, ಮೈದಾ ಎರಡು ಪಾಲು, ಉಪ್ಪು ಒಂದು, ಕಲಸಿ ನಕ್ಷತ್ರ ಮಾಡಿ ಒಣಗಿಸಿ ಬಣ್ಣ ಬಳದು ತೂಗಬಿಟ್ಟೆ. ಮುಂಬೈ ಗಾಳಿಗೆ ಉಪ್ಪು ನೀರು ಕುಡೀತು, ನಕ್ಷತ್ರ ಬೆವರಲಿಕ್ಕತ್ವು, ಒಂದು ರಾತ್ರಿ ಪುಟ್ ಅಂತ ಬಿದ್ದು ಎರಡು ತುಂಡು. ಕೂಸು ಇನ್ನೂ ಬಂದಿದ್ದಿಲ್ಲ, ಪುಣ್ಯ.

ಅದರ ಬದಲಿ ಕಸೂತಿ ರಿಂಗಿಗೆ ಐದು ಅರಿವಿ ಹಕ್ಕಿ ಕಟ್ಟಿದೆ, ಒಳಗ ಹಳೇ ತಲಿಗಿಂಬಿನ ಹತ್ತಿ. ಮಣಿ, ಗುಂಡಿ ಒಂದೂ ಇಲ್ಲ, ಕಣ್ಣೂ ದಾರದ್ದೇ. ನಾಕು ಹಕ್ಕಿ ಬಣ್ಣದ್ದು, ಐದನೇದಕ್ಕ ಅರಿವಿ ಸಾಲದೆ ಮುರದ ಛತ್ರಿಯ ಕರೀ ಅರಿವಿ, ಹೊಟ್ಟಿಗೆ ಬಿಳೀ ಪಂಚೆ ತುಂಡು. ಅತ್ತಿ ನೋಡಿದ್ದೇ "ಏನವಾ, ತೊಟ್ಟಿಲ ಮ್ಯಾಲೆ ಕಾಗಿ ಯಾರರೆ ಕಟ್ತಾರೇನು?" ಅಂದ್ರು. ರಾತ್ರೋರಾತ್ರಿ ಹಳದಿ ಚುಂಚು ಹೊಲದು "ಅತ್ತಿ, ಇದು ಗೊರವಂಕ ರೀ" ಅಂದೆ. ಸುಮ್ನಾದ್ರು. ಕೂಸು ಬಂದ ಮ್ಯಾಲೆ ನೋಡ್ರಿ, ಬಣ್ಣದ ನಾಕೂ ಬಿಟ್ಟು ಅದು ದಿಟ್ಟಿಸಿದ್ದು ಈ ಕರೀ ಬಿಳೀದನ್ನೇ. ಹೊಸಾ ಕೂಸಿಗೆ ಗೇಣು ಒಂದೂವರಿ ದೂರದ್ದು, ಕಪ್ಪು ಬಿಳುಪು ಎದ್ದು ಕಾಣೋದೇ ತಿಳೀತದ ಅಂತ ಮಕ್ಕಳ ಡಾಕ್ಟರ್ ಅಂದ್ರು. ಐದು ತಿಂಗಳಿಗೆ ಕೈ ಚಾಚಿ ಜಗ್ಗಲಿಕ್ಕೆ ಶುರು ಮಾಡಿದ್ಲು, ಅವತ್ತೇ ಬಿಚ್ಚಿ ಇಟ್ಟೆ, ದಾರ ಕುತ್ತಿಗಿಗೆ ಬಂದ್ರ ಏನು ಗತಿ.

ಮರುವರ್ಷದ ಜುಲೈ ಪೂರಾ ದಾಟ್ತು, ಒಂದು ಕರೀ ಚುಕ್ಕಿ ಇಲ್ಲ. ಕಾಕು ವಾರಕ್ಕೊಮ್ಮೆ ಬಂದು ಮೂಸಿ ನೋಡಿ ಹೋಗ್ತಿದ್ರು, ಈಗ ಅವರ ಮಗಳ ಮನಿಗೂ ಟ್ರೇನ್ ಬೇಕಂತ. ಬಿಚ್ಚೋವಾಗ ಬಿಸಿ ನೀರಿನ ಸ್ಪಂಜ್ ಒತ್ತಿ ಹತ್ತು ನಿಮಿಷ ಬಿಟ್ಟು ಮೂಲಿಯಿಂದ ಎಳದೆ, ದ್ವಾಸಿ ಕಾವಲಿ ಬಿಟ್ಟಂಗ ಬಂತು, ಉಳಿದ ಅಂಟು ಒರಸಿದೆ. ಎಲ್ಲಾ ಸೋತದ್ದೂ ಸೇರಿಸಿ 3,500 ಹತ್ರ ಹೋಗಿರಬೇಕು, ಗೆದ್ದದ್ದಕ್ಕ ಹಿಡದ್ರ 1,400 ಆಗಂಗಿಲ್ಲ.

ಒಂದು ತಪ್ಪು ಮಾತ್ರ ಕೊನೀತನಕ ಉಳೀತು. ಟ್ರೇನಿನ ಗಾಲಿ ನೆಲದಿಂದ ಒಂದೂವರಿ ಫೂಟಿಗೇ ಇಟ್ಟಿದ್ದೆ. ಹತ್ತು ತಿಂಗಳಿಗೆ ಮಗಳು ಗ್ವಾಡಿ ಹಿಡದು ನಿಂತು ಹಿಂದಿನ ಗಾಲಿ ಉಗುರಿಲೆ ಕಿತ್ತು ಚೀಪ್ಕೋತ ಕುಂತಿದ್ಲು, ಬಾಯಿಂದ ಎಳದು ತಗಿಯೋದ್ರಾಗ ಅರ್ಧ ಒದ್ದಿ ಆಗಿತ್ತು. ಹೊಸಾ ಮನ್ಯಾಗ ಮೂರು ಫೂಟಿನ ಮ್ಯಾಲೆ ಹಚ್ಚಬೇಕಂತ ಪೆನ್ಸಿಲ್ ಗೆರಿ ಹಾಕಿ ಇಟ್ಟೀನಿ.