ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಮಾತು: ಒಂದು ನೋಟ್‌ಬುಕ್, ಒಂದು ಬೇಲೂರು ಬಸ್ಸು

ಡಿಗ್ರಿ ಮೊದಲ ವರ್ಷದ ಕ್ಲಾಸಿಗೆ ಹೋಗಿ 'ಟೆಲ್ ಮಿ ಸಮ್‌ಥಿಂಗ್ ಅಬೌಟ್ ಯುವರ್‌ಸೆಲ್ಫ್' ಅಂತ ಕೇಳಿ ನೋಡಿ. ಅರವತ್ತು ತಲೆಗಳು ಒಟ್ಟಿಗೆ ಡೆಸ್ಕಿನ ಕಡೆ ಬಾಗುತ್ತವೆ. ಕೊನೆಗೆ ಮುಂದಿನ ಬೆಂಚಿನ ಒಬ್ಬಳು ಎದ್ದು 'ಮೈಸೆಲ್ಫ್' ಅಂತ ಶುರು ಮಾಡಿ, ಹೆಸರು, ಅಪ್ಪನ ಹೆಸರು, ಊರು, ಹಾಬಿ ಅಂತ ನಾಲ್ಕು ವಾಕ್ಯದ ಗಿಣಿಪಾಠ ಒಪ್ಪಿಸಿ ಕೂರುತ್ತಾಳೆ. ಬೆಲ್ ಹೊಡೆದ ಮೇಲೆ ಅದೇ ಮಕ್ಕಳು ಕಾರಿಡಾರಿನಲ್ಲಿ ಕನ್ನಡದಲ್ಲಿ ಹರಟುವುದನ್ನು ಕೇಳಿ. ಹೇಳಲು ಇವರ ಹತ್ತಿರ ಬೇಕಾದಷ್ಟಿದೆ. ಇಂಗ್ಲಿಷಿನಲ್ಲಿ ಅದನ್ನು ಕೇಳಿಸಿಕೊಳ್ಳುವವರು ಇಲ್ಲ, ಅಷ್ಟೇ.

ಕಲಿಸಿಲ್ಲ ಅಂತಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಅಂದರೆ ಈಗ ಡಿಗ್ರಿಗೆ ಬರುವ ಮಕ್ಕಳು ಹನ್ನೆರಡು ವರ್ಷ ಇಂಗ್ಲಿಷ್ ಓದಿ ಬಂದವರು. ಆ ಹನ್ನೆರಡು ವರ್ಷದಲ್ಲಿ ಅವರು ಇಂಗ್ಲಿಷಿನಲ್ಲಿ ಏನು ಹೇಳಿದರೂ ಎದುರಿಗಿದ್ದವರು ನೋಡಿದ್ದು ತಪ್ಪಾ ಸರಿಯಾ ಅಂತ ಮಾತ್ರ.

ನಾನು ಹಾಸನದ ಕಡೆ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಡೈರಿ ಮತ್ತು ಪ್ರಾಜೆಕ್ಟ್, ಇವೆರಡನ್ನು ಜೋಡಿಸಿ ಮಾತು ಕಲಿಸುವ ಒಂದು ಕ್ರಮ ನನಗೆ ಒಗ್ಗಿದೆ. ನೀವೂ ಮಾಡಬಹುದು. ಸ್ಮಾರ್ಟ್ ಬೋರ್ಡ್ ಬೇಡ, ಲ್ಯಾಂಗ್ವೇಜ್ ಲ್ಯಾಬ್ ಬೇಡ.

ಮೊದಲು ನೋಟ್‌ಬುಕ್

ಒಬ್ಬೊಬ್ಬರಿಗೂ ನೂರು ಪುಟದ ಒಂದು ನೋಟ್‌ಬುಕ್ ತರಲು ಹೇಳಿ. ಪೀರಿಯಡ್‌ನ ಮೊದಲ ಹತ್ತು ನಿಮಿಷ ಎಲ್ಲರೂ ಬರೆಯಬೇಕು, ನೀವೂ ಸೇರಿ. ಕ್ಲಾಸಿನಲ್ಲೇ, ಕೈಯಲ್ಲೇ. ಮನೆಗೆ ಕೊಟ್ಟಿರೋ, ಮೊಬೈಲಿನ ಎಐ ಬರೆದುಕೊಟ್ಟ ಚೆಂದದ ಇಂಗ್ಲಿಷ್ ಬರುತ್ತದೆ, ಅದನ್ನು ಓದಿ ನೀವು ಏನು ಮಾಡುತ್ತೀರಿ?

'ಮೈ ಏಮ್ ಇನ್ ಲೈಫ್' ಥರದ ವಿಷಯ ದಯವಿಟ್ಟು ಕೊಡಬೇಡಿ. ಅದಕ್ಕೆ ಎಂಟನೇ ಕ್ಲಾಸಿನಲ್ಲಿ ಉರು ಹೊಡೆದ ಉತ್ತರ ಎಲ್ಲರ ಹತ್ತಿರವೂ ರೆಡಿ ಇದೆ. ಇವತ್ತು ಬಸ್ಸಿನಲ್ಲಿ ಪಕ್ಕ ಯಾರು ಕೂತಿದ್ದರು? ಹಾಸ್ಟೆಲಿನಲ್ಲಿ ಯಾವ ದಿನದ ತಿಂಡಿ ಜಾಸ್ತಿ ಉಳಿಯುತ್ತದೆ, ಯಾಕೆ? ಮನೆಯಲ್ಲಿ ಕೊನೆಯ ಸಲ ಜಗಳ ಆಗಿದ್ದು ಯಾವುದಕ್ಕೆ? ಇಂಥವು ಕೇಳಿ. ಎರಡು ವಾರ ಕಳೆದರೆ ವಿಷಯ ಕೊಡುವ ಅಗತ್ಯವೇ ಇರುವುದಿಲ್ಲ.

ಇಂಗ್ಲಿಷ್ ಪದ ಸಿಗದಿದ್ದರೆ ಆ ಜಾಗದಲ್ಲಿ ಕನ್ನಡ ಪದ ಬರೆದು ಮುಂದೆ ಹೋಗಲಿ, ನಿಲ್ಲಬಾರದು. ಒಬ್ಬ ಹುಡುಗ 'ದಿಸ್ ಇಯರ್ ಅವರ್ ಪೊಟ್ಯಾಟೊ ಫುಲ್ ಅಂಗಮಾರಿ, ಅಪ್ಪ ನಾಟ್ ಟಾಕಿಂಗ್' ಅಂತ ಬರೆದಿದ್ದ. ಹಾಸನದ ಆಲೂಗಡ್ಡೆ ಬೆಳೆಗಾರರ ಮನೆಯ ಮಕ್ಕಳಿಗೆ ಅಂಗಮಾರಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಲೇಟ್ ಬ್ಲೈಟ್ ಅನ್ನುತ್ತಾರೆ ಅಂತ ಆವತ್ತು ನಾನೇ ಹುಡುಕಿ ತಿಳಿದುಕೊಂಡೆ. ಆ ಪದವನ್ನು ಅವನು ಆಮೇಲೆ ಮರೆಯಲಿಲ್ಲ, ಅವನಿಗೆ ಅದು ಬೇಕಾಗಿತ್ತು.

ಇನ್ನೊಂದು ಮಾತು. ಪುಟವನ್ನು ಮಡಚಿಟ್ಟಿದ್ದರೆ ಅದನ್ನು ಮೇಷ್ಟ್ರು ಓದುವುದಿಲ್ಲ ಅಂತ ಮೊದಲ ದಿನವೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಯಾರದ್ದನ್ನೂ ಕ್ಲಾಸಿನಲ್ಲಿ ಓದಿ ಹೇಳಬೇಡಿ, ಸ್ಟಾಫ್ ರೂಮಿನಲ್ಲಂತೂ ಬೇಡವೇ ಬೇಡ. ಆದರೆ ಯಾರಾದರೂ ಜೀವಕ್ಕೆ ಅಪಾಯ ಆಗುವಂಥದ್ದು ಬರೆದರೆ ಸುಮ್ಮನಿರಲು ಆಗುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ.

ಉತ್ತರ ಬರೆಯುವುದು, ತಿದ್ದುವುದಲ್ಲ

ನಾನು ಎಡವಿದ್ದು ಇಲ್ಲೇ. ಮೊದಲ ವರ್ಷ ಕೆಂಪು ಪೆನ್ನು ಹಿಡಿದು ಕೂತು ಒಂದೊಂದು ಪುಟಕ್ಕೂ ಹದಿನೈದು ಇಪ್ಪತ್ತು ಗುರುತು ಹಾಕಿದೆ, ಬಹಳ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡೆ. ಮುಕ್ಕಾಲು ಪುಟ ಬರೆಯುತ್ತಿದ್ದವರು ಒಂದು ತಿಂಗಳಾಗುವಷ್ಟರಲ್ಲಿ ನಾಲ್ಕು ಸಾಲಿಗೆ ಇಳಿದರು. ತಪ್ಪೂ ಕಮ್ಮಿಯಾಯಿತು ಅನ್ನಿ, ಬರೆದರೆ ತಾನೇ ತಪ್ಪಾಗುವುದು! 'ಟುಡೇ ಐ ವೋಕ್ ಅಪ್ ಅರ್ಲಿ. ಐ ಕೇಮ್ ಟು ಕಾಲೇಜ್.' ಅರವತ್ತು ನೋಟ್‌ಬುಕ್ಕಿನಲ್ಲೂ ಅದೇ.

ಡೈರಿಯಲ್ಲಿ ಮೇಷ್ಟ್ರು ಮಕ್ಕಳಿಗೆ ಕಾಗದದ ಥರ ಉತ್ತರ ಬರೆಯುವ ಪದ್ಧತಿ ಹೊಸದೇನಲ್ಲ. ಲಾಸ್ ಏಂಜಲೀಸಿನಲ್ಲಿ ಲೆಸ್ಲಿ ರೀಡ್ ಎಂಬ ಆರನೇ ತರಗತಿ ಟೀಚರ್ ತಮ್ಮ ಮಕ್ಕಳ ಜೊತೆ ಹೀಗೆ ಬರೆದಾಡುತ್ತಿದ್ದರು. 1980ರ ಆಸುಪಾಸಿನಲ್ಲಿ ಸಂಶೋಧಕರು ಆ ನೋಟ್‌ಬುಕ್ಕುಗಳನ್ನು ಕೂತು ಓದಿದ ಮೇಲೆ 'ಡೈಲಾಗ್ ಜರ್ನಲ್' ಅನ್ನುವ ಹೆಸರು ಎಲ್ಲ ಕಡೆ ಹರಡಿತು. ಅದರ ಗುಟ್ಟು ಇಷ್ಟೇ: ತಪ್ಪಿಗೆ ಗುರುತು ಹಾಕಬೇಡಿ, ಹೇಳಿದ್ದಕ್ಕೆ ಉತ್ತರ ಕೊಡಿ, ಉತ್ತರದಲ್ಲೇ ಸರಿಯಾದ ರೂಪ ಬರುವ ಹಾಗೆ ನೋಡಿಕೊಳ್ಳಿ.

ಹುಡುಗಿ 'ಯೆಸ್ಟರ್‌ಡೇ ಬಸ್ ಡಿಡ್ ನಾಟ್ ಕೇಮ್' ಅಂತ ಬರೆದಿದ್ದಾಳೆ ಅಂದುಕೊಳ್ಳಿ. ನೀವು 'ಓ, ಇಟ್ ಡಿಡ್ ನಾಟ್ ಕಮ್ ಅಟ್ ಆಲ್? ಹೌ ಡಿಡ್ ಯು ಗೋ ಹೋಮ್ ದೆನ್?' ಅಂತ ಬರೆಯಿರಿ. ಮುಗಿಯಿತು. ಕೊನೆಯಲ್ಲಿ ಒಂದು ಪ್ರಶ್ನೆ ಇರಲೇಬೇಕು, ಅದೂ ನಿಮಗೆ ನಿಜವಾಗಿ ಗೊತ್ತಿಲ್ಲದ ಪ್ರಶ್ನೆ. 'ವೆರಿ ಗುಡ್, ಕೀಪ್ ಇಟ್ ಅಪ್' ಅಂತ ಬರೆದರೆ ಅಲ್ಲಿಗೆ ಮಾತು ಸತ್ತಿತು.

ಅರವತ್ತು ಜನರಿಗೆ ದಿನಾ ಉತ್ತರ ಬರೆಯುವುದು ಹೇಗೆ ಸ್ವಾಮಿ ಅಂತ ಕೇಳುತ್ತೀರಿ. ದಿನಾ ಬೇಡ. ಹನ್ನೆರಡರ ಐದು ಗುಂಪು ಮಾಡಿ, ದಿನಕ್ಕೆ ಒಂದು ಗುಂಪು. ಒಬ್ಬರಿಗೆ ಮೂರು ನಿಮಿಷ ಅಂದರೂ ಮೂವತ್ತಾರು ನಿಮಿಷದಲ್ಲಿ ಕೆಲಸ ಆಯಿತು. ವಾರಕ್ಕೆ ಒಂದು ಉತ್ತರ ಸಾಕು.

ಹಾಗಾದರೆ ವ್ಯಾಕರಣ? ಓದುವಾಗ ಪದೇ ಪದೇ ಕಾಣುವ ತಪ್ಪನ್ನು ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಒಂದನ್ನು, ಯಾರದ್ದು ಅಂತ ಹೇಳದೆ, ಬೋರ್ಡಿನ ಮೇಲೆ ಹಾಕಿ. ನಮ್ಮ ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ಕನ್ನಡದ ದಾರಿಯಲ್ಲೇ ಬಂದಂಥವು. 'ನನಗೆ ಇಬ್ಬರು ಅಕ್ಕಂದಿರಿದ್ದಾರೆ' ಅನ್ನುವುದು 'ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್' ಆಗುತ್ತದೆ. 'ಎಗ್' ಅನ್ನುವುದು 'ಯೆಗ್', 'ಓನ್ಲಿ' ಅನ್ನುವುದು 'ವೋನ್ಲಿ'. ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹೀಗೆ ಅಂತ ಪಕ್ಕ ಪಕ್ಕ ಬರೆದು ತೋರಿಸಿದರೆ ಐದು ನಿಮಿಷದ ಕೆಲಸ, ಯಾರಿಗೂ ಅವಮಾನವಿಲ್ಲ.

ಬರೆದದ್ದು ಬಾಯಿಗೆ ಬರಲಿ

ಬರೀ ಬರೆಸುತ್ತಾ ಕೂತರೆ ಬರೆಯಲು ಬರುತ್ತದೆ, ಮಾತು ಬರುವುದಿಲ್ಲ. ಶುಕ್ರವಾರ ಮಾತಿಗೇ ಇಟ್ಟುಬಿಡಿ. ಆ ವಾರದ ಒಂದು ಪುಟವನ್ನು ಒಮ್ಮೆ ಓದಿಕೊಂಡು ನೋಟ್‌ಬುಕ್ ಮುಚ್ಚಲಿ. ಎಲ್ಲರೂ ಎರಡು ಸಾಲಾಗಿ ಎದುರು ಬದುರು ನಿಲ್ಲಲಿ. ಎದುರಿಗಿರುವವರಿಗೆ ನಾಲ್ಕು ನಿಮಿಷ ಆ ಕಥೆ ಹೇಳಬೇಕು. ಒಂದು ಹೆಜ್ಜೆ ಸರಿದು ಹೊಸಬರಿಗೆ ಅದೇ ಕಥೆ, ಈಗ ಮೂರೇ ನಿಮಿಷ. ಮತ್ತೆ ಸರಿದು ಇನ್ನೊಬ್ಬರಿಗೆ ಎರಡು ನಿಮಿಷ. ಆಮೇಲೆ ಕೇಳಿದವರು ಹೇಳುವ ಸರದಿ.

ಇದಕ್ಕೆ 4/3/2 ಅಂತಲೇ ಹೆಸರು. ನ್ಯೂಜಿಲೆಂಡಿನ ಭಾಷಾಶಿಕ್ಷಣ ತಜ್ಞ ಪಾಲ್ ನೇಷನ್ 1989ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಮೊದಲ ಸಲ 'ಆ... ಊ...' ಅಂತ ತಡವರಿಸಿದವರು ಮೂರನೇ ಸಲಕ್ಕೆ ಸರಾಗ ಹೇಳುತ್ತಾರೆ, ಯಾಕಂದರೆ ಪದ ಹುಡುಕುವ ಕೆಲಸ ಆಗಲೇ ಮುಗಿದಿರುತ್ತದೆ. ಗಲಾಟೆ ಸಿಕ್ಕಾಪಟ್ಟೆ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ನೋಡುತ್ತಾರೆ. ಆ ಗಲಾಟೆಯೇ ನಾಚಿಕೆ ಸ್ವಭಾವದವರಿಗೆ ಆಸರೆ, ತಮ್ಮ ಇಂಗ್ಲಿಷ್ ಎದುರಿನವರಿಗೆ ಬಿಟ್ಟು ಇನ್ಯಾರಿಗೂ ಕೇಳಿಸುವುದಿಲ್ಲ ಅಲ್ವಾ?

ಆಮೇಲೆ ಪ್ರಾಜೆಕ್ಟು

ಆರು ವಾರ ಹೀಗೆ ನಡೆದ ಮೇಲೆ ಪ್ರಾಜೆಕ್ಟಿಗೆ ಕೈ ಹಾಕಿ, ಅದಕ್ಕೆ ಮುಂಚೆ ಬೇಡ. ಪ್ರಾಜೆಕ್ಟ್ ಅಂದರೆ ಇಂಟರ್‌ನೆಟ್ಟಿನಿಂದ ಇಳಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದು ಕೊಡುವುದಲ್ಲ. ಇಂಗ್ಲಿಷ್ ಮಾತಾಡದೆ ಮುಗಿಯದ ಒಂದು ಕೆಲಸ.

ಈ ವಿಚಾರಕ್ಕೆ ನಮ್ಮ ಬೆಂಗಳೂರಿನ ಹೆಸರೇ ಇದೆ ಅಂತ ಎಷ್ಟೋ ಮೇಷ್ಟ್ರುಗಳಿಗೆ ಗೊತ್ತಿಲ್ಲ. ಇಂಗ್ಲಿಷ್ ಕಲಿಕೆಯ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾಶಿಕ್ಷಣದ ಲೋಕದಲ್ಲಿ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಪ್ರಸಿದ್ಧ. ವ್ಯಾಕರಣ ಪಾಠ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಿದ ಹಾಗೆ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅದರ ತಳಹದಿ.

ನಮ್ಮ ಪ್ರಾಜೆಕ್ಟಿನ ಜಾಗ ಬೇಲೂರು. ಹೊಯ್ಸಳರ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ, ಹೊರದೇಶದವರು ಬರುತ್ತಾರೆ. ಐದೈದು ಜನರ ಗುಂಪು ಮಾಡಿ. ಒಂದೊಂದು ಗುಂಪೂ ಒಬ್ಬ ಪ್ರವಾಸಿಯ ಜೊತೆ ಹತ್ತು ನಿಮಿಷ ಮಾತಾಡಬೇಕು, ಒಂದು ಶಿಲ್ಪದ ಕಥೆ ಹೇಳಬೇಕು, ಅವರ ಊರಿನ ಬಗ್ಗೆ ಮೂರು ಸಂಗತಿ ತಿಳಿದುಕೊಂಡು ಬರಬೇಕು. ಅಂಗೈ ಅಗಲದ ಕಾರ್ಡಿನಲ್ಲಿ ಐದು ಪದ ಬರೆದುಕೊಳ್ಳಬಹುದು. ವಾಕ್ಯ ಬರೆಯುವ ಹಾಗಿಲ್ಲ. ಪ್ರತಿಯೊಬ್ಬರೂ ಬಾಯಿ ಬಿಡಲೇಬೇಕು, ಇಲ್ಲದಿದ್ದರೆ ಚೆನ್ನಾಗಿ ಬರುವ ಒಬ್ಬಳೇ ಎಲ್ಲವನ್ನೂ ಹೇಳಿಬಿಡುತ್ತಾಳೆ, ಉಳಿದ ನಾಲ್ವರು ಫೋಟೊಗೆ ನಿಲ್ಲುತ್ತಾರೆ.

ಹೋಗುವ ಮೊದಲು ಕ್ಲಾಸಿನಲ್ಲಿ ಎರಡು ಮೂರು ಸಲ ಆಡಿಸಿ. ನೀವೇ ಪ್ರವಾಸಿಯಾಗಿ, 'ಸಾರಿ?' ಅಂತ ಮಧ್ಯೆ ಮಧ್ಯೆ ಕೇಳಿ. ಅರ್ಥವಾಗದಾಗ ಮತ್ತೆ ಕೇಳುವುದು, 'ಹೌ ಡು ಐ ಸೇ ದಿಸ್' ಅಂತ ಸಮಯ ತೆಗೆದುಕೊಳ್ಳುವುದು ಇವನ್ನು ಇಲ್ಲೇ ಕಲಿಯಬೇಕು. ಪ್ರಿನ್ಸಿಪಾಲರ ಅನುಮತಿ, ಮನೆಯವರ ಒಪ್ಪಿಗೆ ತಗೊಳ್ಳಿ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಹುಡುಗರು ಗೊಣಗುತ್ತಾರೆ, ಗೊಣಗಲಿ. ಅಲ್ಲಿನ ಗೈಡುಗಳನ್ನು ಮೊದಲು ಮಾತಾಡಿಸಿ, ನಾವು ನಿಮ್ಮ ಹೊಟ್ಟೆ ಮೇಲೆ ಹೊಡೆಯಲು ಬಂದಿಲ್ಲ ಅಂತ ಹೇಳಿ. ಪ್ರವಾಸಿಗಳನ್ನು ಕೇಳದೆ ವಿಡಿಯೊ ಮಾಡಬಾರದು.

ಹೋದ ಸಲ ನಮ್ಮ ಒಬ್ಬ ಹುಡುಗ, ಕ್ಲಾಸಿನಲ್ಲಿ ಎರಡು ವಾಕ್ಯ ಹೇಳಿದವನಲ್ಲ, ದೇವಸ್ಥಾನದ ಬಾಗಿಲ ಬಳಿ ಸಳ ಹುಲಿಯ ಜೊತೆ ಸೆಣಸುವ ಶಿಲ್ಪದ ಮುಂದೆ ನಿಂತು ಒಬ್ಬ ಅಜ್ಜಿಗೆ ಹೇಳಿದ: 'ಹೊಯ್ ಮೀನ್ಸ್ ಹಿಟ್. ಸಳ ಈಸ್ ಬಾಯ್ ನೇಮ್. ಟೈಗರ್ ಕೇಮ್. ಗುರು ಟೋಲ್ಡ್, ಹಿಟ್, ಸಳ! ಹಿ ಹಿಟ್. ದೆನ್ ಹಿ ಬಿಕೇಮ್ ಕಿಂಗ್.' ವ್ಯಾಕರಣದ ಕಣ್ಣಿನಲ್ಲಿ ಒಂದೆರಡು ಕಡೆ ಮುಗ್ಗರಿಸಿದ್ದಾನೆ. ಕಥೆ ಮಾತ್ರ ಪೂರ್ತಿ ತಲುಪಿತು, ಅಜ್ಜಿ 'ಆ್ಯಂಡ್ ದ ಗುರು? ವೈ ಡಿಡಂಟ್ ಹಿ ಹಿಟ್ ಇಟ್ ಹಿಮ್‌ಸೆಲ್ಫ್?' ಅಂತ ಕೇಳಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನದ ಡೈರಿಯಲ್ಲಿ ಅವನು ಒಂದೂವರೆ ಪುಟ ಬರೆದಿದ್ದು ಆ ಪ್ರಶ್ನೆಯ ಬಗ್ಗೆಯೇ.

ನಿಮ್ಮೂರಿಗೆ ಪ್ರವಾಸಿಗಳು ಬರುವುದಿಲ್ಲವಾ? ಊರಿನ ಹಿರಿಯರೊಬ್ಬರನ್ನು ಕನ್ನಡದಲ್ಲೇ ಮಾತಾಡಿಸಿ, ಬಂದು ಕ್ಲಾಸಿಗೆ ಇಂಗ್ಲಿಷಿನಲ್ಲಿ ಹೇಳಲಿ. ಸಕಲೇಶಪುರದ ಕಡೆಯ ಮಕ್ಕಳು ಕಾಫಿ ತೋಟದಲ್ಲಿ ಕೆಲಸ ಮಾಡಿದ ತಮ್ಮ ಅಜ್ಜಿಯರನ್ನೇ ಕೇಳಿಕೊಂಡು ಬಂದರು. ಕೇಳುವವರಿಗೆ ಗೊತ್ತಿಲ್ಲದ ವಿಷಯ ಆಗಿರಬೇಕು, ಅದೊಂದೇ ಷರತ್ತು.

ಅಂಕ

ಇಂಟರ್ನಲ್ ಅಂಕಕ್ಕೆ ಇದನ್ನು ಸೇರಿಸಿ, ಇಲ್ಲದಿದ್ದರೆ ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಕೈಬಿಡುತ್ತಾರೆ. ಎಷ್ಟು ಪುಟ ಬರೆದರು, ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರಾ, ಪ್ರಾಜೆಕ್ಟಿನಲ್ಲಿ ಬಾಯಿ ಬಿಟ್ಟರಾ, ಇಷ್ಟಕ್ಕೆ ಅಂಕ. ಡೈರಿಯ ತಪ್ಪಿಗೆ ಅಂಕ ಕಳೆಯಬೇಡಿ, ಒಮ್ಮೆ ಕಳೆದರೆ ನಾಲ್ಕು ಸಾಲಿನ ಡೈರಿ ವಾಪಸ್ ಬರುತ್ತದೆ.

ಸೆಮಿಸ್ಟರಿನ ಕೊನೆಯ ವಾರ ಹೊಸದೇನೂ ಬರೆಸಬೇಡಿ. ಮಕ್ಕಳು ತಮ್ಮ ಮೊದಲ ಪುಟವನ್ನು ತೆಗೆದು ಓದಲಿ, ನೀವು ಇಷ್ಟು ದಿನ ಬರೆದ ಹಾಗೆಯೇ ಅವರು ಅದಕ್ಕೆ ಉತ್ತರ ಬರೆಯಲಿ, ಕೊನೆಯಲ್ಲಿ ಒಂದು ಪ್ರಶ್ನೆಯೂ ಇರಲಿ. ಆಮೇಲೆ ನೋಟ್‌ಬುಕ್ ಅವರ ಮನೆಗೆ ಹೋಗಲಿ, ಕಾಲೇಜಿನ ಬೀರುವಿಗೆ ಬೇಡ.