ಬಕೆಟ್ ನೀರು, ಪಿವಿಸಿ ಪೈಪು: ಶಬ್ದದ ವೇಗ ಮನೆಯಲ್ಲೇ ಅಳೆಯಿರಿ

ಪ್ರಥಮ ಪಿಯುಸಿಯ ಭೌತಶಾಸ್ತ್ರ ಲ್ಯಾಬಿನಲ್ಲಿ ಅನುನಾದ ನಳಿಕೆಯ, ಅಂದರೆ ಒಳಗಿನ ಗಾಳಿ ಹೊರಗಿನ ಸದ್ದಿಗೆ ಓಗೊಟ್ಟು ಜೋರಾಗಿ ಮೊಳಗುವ ಕೊಳವೆಯ, ಪ್ರಯೋಗವಿದೆ. ಸೂತ್ರ ಕಲಿಯುವ ಮೊದಲೇ ಆ ನಳಿಕೆ ಮೊಳಗುವ ಸದ್ದು ಮಕ್ಕಳ ಕಿವಿಗೆ ಬೀಳಬೇಕು. ಅದಕ್ಕೆ ಲ್ಯಾಬೇ ಬೇಕೆಂದಿಲ್ಲ.

ಒಂದು ಇಂಚಿನ ಪಿವಿಸಿ ಪೈಪನ್ನು 33 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ತುದಿ ಸೊಟ್ಟಗಿದ್ದರೆ ಎಲ್ಲಿಂದ ಅಳೆಯಬೇಕೆಂದೇ ತಿಳಿಯುವುದಿಲ್ಲ, ಉಜ್ಜಿ ಸಮ ಮಾಡಿ. ಟೈಲರುಗಳು ಬಳಸುವ ಟೇಪನ್ನು, ಸೊನ್ನೆ ಪೈಪಿನ ಬಾಯಿಯ ಅಂಚಿಗೆ ಬರುವಂತೆ, ಹೊರಮೈಗೆ ಉದ್ದುದ್ದ ಅಂಟಿಸಿ. ಆಳವಾದ ಬಕೆಟ್ಟಿಗೆ ಕಂಠಮಟ್ಟ ನೀರು ತುಂಬಿ. ಫೋನಿನಲ್ಲಿ ಒಂದೇ ಶ್ರುತಿಯ ಸದ್ದು ಹೊರಡಿಸುವ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 1000 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 1000 ಕಂಪನಕ್ಕೆ, ಇಡಿ.

ಈಗ ಪೈಪನ್ನು ನೆಟ್ಟಗೆ, ತಳ ಮುಟ್ಟುವಷ್ಟು ಮುಳುಗಿಸಿ. ಇನ್ನೊಬ್ಬರು ಫೋನಿನ ಸ್ಪೀಕರನ್ನು ಪೈಪಿನ ಬಾಯಿಗಿಂತ ಒಂದು ಬೆರಳಿನಷ್ಟು ಮೇಲೆ ಹಿಡಿಯಲಿ. ಬಾಯಿ ಮುಚ್ಚಕೂಡದು. ವಾಲ್ಯೂಮ್ ಕಡಿಮೆಯೇ ಇರಲಿ. ಜೋರಾದರೆ ಫೋನಿನ ಸದ್ದಿನಲ್ಲಿ ಪೈಪಿನ ಸದ್ದು ಮುಚ್ಚಿಹೋಗುತ್ತದೆ. ಫೋನನ್ನೂ ಜೊತೆಗೇ ಏರಿಸುತ್ತಾ ಪೈಪನ್ನು ನಿಧಾನವಾಗಿ ಎತ್ತಿ. ನೀರಿನ ಮೇಲಿನ ಭಾಗ ಸುಮಾರು 8 ಸೆಂ.ಮೀ. ಆದಾಗ ಸದ್ದು ತಟ್ಟನೆ ತುಂಬಿಕೊಳ್ಳುತ್ತದೆ. ಇನ್ನೂ ಎತ್ತಿದರೆ ಕುಗ್ಗುತ್ತದೆ. ಎತ್ತುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಗುರುತಿಸಿ ಸರಾಸರಿ ತೆಗೆಯಿರಿ. ಎತ್ತುತ್ತಲೇ ಹೋದರೆ 25 ಸೆಂ.ಮೀ. ದಾಟಿದ ಮೇಲೆ ಮತ್ತೆ ಮೊಳಗುತ್ತದೆ.

ಆಗುವುದಿಷ್ಟು. ಪೈಪಿನೊಳಗೆ ಇಳಿದ ಅಲೆ ನೀರಿಗೆ ಬಡಿದು ಹಿಂತಿರುಗುತ್ತದೆ. ಹೋಗುವ, ಬರುವ ಅಲೆಗಳು ಕೂಡಿ ನಿಂತಲ್ಲೇ ಕಂಪಿಸುವ ಸ್ಥಾಯಿ ತರಂಗವಾಗುತ್ತದೆ. ನೀರಿಗೆ ತಾಗಿದ ಗಾಳಿ ಮೇಲೆ ಕೆಳಗೆ ಅಲುಗಾಡಲಾರದು, ಆದರೆ ಒತ್ತಡದ ಏರಿಳಿತ ಅಲ್ಲೇ ಅತಿ ಹೆಚ್ಚು. ಬಾಯಿಯ ಹತ್ತಿರ ಇದಕ್ಕೆ ತದ್ವಿರುದ್ಧ. ಗಾಳಿಯ ಕಂಬ ಅಲೆಯುದ್ದದ ಕಾಲು ಭಾಗ ಅಥವಾ ಮುಕ್ಕಾಲು ಭಾಗ ಆದಾಗ ಈ ಎರಡೂ ಷರತ್ತು ಒಟ್ಟಿಗೆ ಕೂಡಿಬರುತ್ತವೆ. ಆಗಲೇ ಅನುನಾದ.

ಎರಡು ಅಳತೆಗಳ ನಡುವಿನ ಅಂತರ ಅಲೆಯುದ್ದದ ಅರ್ಧ. ಉದಾಹರಣೆಗೆ, ಮೊದಲ ಅಳತೆ 7.9, ಎರಡನೆಯದು 25.3 ಬಂತೆನ್ನಿ. 25.3ರಲ್ಲಿ 7.9 ಕಳೆದರೆ 17.4 ಸೆಂ.ಮೀ.; ಅಲೆಯುದ್ದ 34.8 ಸೆಂ.ಮೀ., ಅಂದರೆ 0.348 ಮೀಟರ್. ಸೆಕೆಂಡಿಗೆ ಇಂಥ 1000 ಅಲೆಗಳು ಹೊರಡುವುದರಿಂದ ಅದನ್ನು 1000ದಿಂದ ಗುಣಿಸಿ: ಸೆಕೆಂಡಿಗೆ 348 ಮೀಟರ್. 27 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಕೋಣೆಯ ಲೆಕ್ಕಕ್ಕೆ, ಡಿಗ್ರಿಯನ್ನು 0.6ರಿಂದ ಗುಣಿಸಿ 331ಕ್ಕೆ ಕೂಡಿ. ಅಂತರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ 2 ಮೀಟರಿನಷ್ಟು ಆಚೀಚೆ ಆಗುತ್ತದೆ. ಟೇಪನ್ನು ನೀರಿನ ಮಟ್ಟಕ್ಕೆ ಕಣ್ಣಿಟ್ಟು ಓದಿ.

ಒಂದೇ ಅಳತೆ ಸಾಲದೇ? ಸಾಲದು. ಅಲೆಯುದ್ದದ ಕಾಲು ಭಾಗ 8.7 ಸೆಂ.ಮೀ. ಇರಬೇಕಿತ್ತು, ಸಿಕ್ಕಿದ್ದು 7.9. ಕಂಪಿಸುವ ಗಾಳಿ ಪೈಪಿನ ಬಾಯಿಯಿಂದ ತುಸು ಹೊರಗೂ ಚಾಚಿಕೊಂಡಿರುತ್ತದೆ. ಆ ಚಾಚು ಪೈಪಿನ ಒಳತ್ರಿಜ್ಯದ ಸುಮಾರು 0.6 ಪಟ್ಟು. ಕಳೆಯುವಾಗ ಅದು ತಾನೇ ಹೊರಟುಹೋಗುತ್ತದೆ, ಈ ವಿಧಾನದ ಸೊಗಸೇ ಅದು. ಎರಡು ಇಂಚಿನ ಪೈಪಿನಲ್ಲೂ ಮಾಡಿ ನೋಡಿ: ಎರಡೂ ಅಳತೆಗಳು ಇನ್ನಷ್ಟು ಕಡಿಮೆ ಬರುತ್ತವೆ, ಅಂತರ ಮಾತ್ರ ಅಷ್ಟೇ ಇರುತ್ತದೆ.