ಹಾಲು ಕರೆಯುವ ಯಂತ್ರ: ಕಪ್ ತೊಡಿಸುವ ಮೊದಲಿನ ಒಂದು ನಿಮಿಷ

ಯಂತ್ರ ತಂದ ಮೇಲೆ ಹಾಲು ಕಡಿಮೆಯಾಯಿತೆಂದು ದೂರುವ ಹೈನುಗಾರರ ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ತಪ್ಪು ಯಂತ್ರಕ್ಕಿಂತ ಹೆಚ್ಚಾಗಿ ಅದರ ಕಪ್‌ಗಳನ್ನು ಮೊಲೆತೊಟ್ಟುಗಳಿಗೆ ತೊಡಿಸುವ ಅವಸರದಲ್ಲಿ ಕಾಣುತ್ತದೆ. ಕೈಯಿಂದ ಕರೆಯುವವರು ಕೆಚ್ಚಲು ನೀವುತ್ತ ತಮಗರಿವಿಲ್ಲದೆ ಮಾಡುತ್ತಿದ್ದ ಕೆಲಸವೊಂದನ್ನು ಯಂತ್ರ ಮಾಡುವುದಿಲ್ಲ.

ಮೊದಲ ಕೆಲವು ದಿನ ಪಂಪನ್ನು ಪಕ್ಕದಲ್ಲಿ ಓಡಲು ಬಿಟ್ಟು ಕೈಯಿಂದಲೇ ಕರೆಯಿರಿ. ಹಸು ಸದ್ದಿಗೆ ಒಗ್ಗಲಿ. ಹಾಲನ್ನು ಎಳೆಯುವ ನಿರ್ವಾತದ ಒತ್ತಡವನ್ನು ತಯಾರಕರು ಸೂಚಿಸಿದ ಮಟ್ಟದಲ್ಲಿಯೇ ಇಡಿ. ಬೇಗ ಮುಗಿಯಲೆಂದು ಅದನ್ನು ಏರಿಸಿದರೆ ಮೊಲೆತೊಟ್ಟಿನ ತುದಿ ಗಡುಸಾಗಿ ಒರಟಾಗುತ್ತದೆ.

ಇನ್ನು ಎಲ್ಲರೂ ಎಡವುವ ಹಂತ. ಪ್ರತಿ ತೊಟ್ಟಿನಿಂದ ಮೂರು ನಾಲ್ಕು ಧಾರೆಗಳನ್ನು ಕಪ್ಪು ತಳದ ಬಟ್ಟಲಿಗೆ ಹಿಂಡಿ, ಗರಣೆ ಅಥವಾ ನೀರಿನಂಥ ಹಾಲು ಬರುತ್ತಿದೆಯೇ ನೋಡಿ. ಬಂದರೆ ಅದು ಕೆಚ್ಚಲು ಬಾವಿನ ಸೂಚನೆಯಾಗಿರಬಹುದು, ಆ ಹಸುವನ್ನು ಕೊನೆಗೆ ಕರೆಯಿರಿ. ಬಳಿಕ ತೊಟ್ಟುಗಳನ್ನು ಶುಚಿಗೊಳಿಸಿ, ಹಸುವಿಗೊಂದರಂತೆ ಬೇರೆ ಬೇರೆ ಬಟ್ಟೆಯಿಂದ ಪೂರ್ತಿ ಒಣಗುವಂತೆ ಒರೆಸಿ. ಈ ಸ್ಪರ್ಶದಿಂದಲೇ ಮಿದುಳಿನ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ರಕ್ತದ ಮೂಲಕ ಕೆಚ್ಚಲನ್ನು ತಲುಪಿ, ಹಾಲು ತುಂಬಿದ ಸಣ್ಣ ಕೋಶಚೀಲಗಳನ್ನು ಹಿಂಡಿ ಹಾಲನ್ನು ಕೆಳಗಿಳಿಸುತ್ತದೆ. ಆದ್ದರಿಂದ ಮೊದಲು ಮುಟ್ಟಿದ ಗಳಿಗೆಯಿಂದ ಒಂದರಿಂದ ಒಂದೂವರೆ ನಿಮಿಷದೊಳಗೆ ಕಪ್ ತೊಡಿಸಬೇಕು. ಅದಕ್ಕೂ ಮೊದಲೇ ತೊಡಿಸಿದರೆ ಕೆಳಗೆ ಸಂಗ್ರಹವಾಗಿದ್ದ ಅಲ್ಪ ಹಾಲು ಬಂದು ಧಾರೆ ನಿಲ್ಲುತ್ತದೆ, ಯಂತ್ರ ಬರಿದಾದ ತೊಟ್ಟನ್ನೇ ಎಳೆಯುತ್ತದೆ. ಬಹಳ ತಡಮಾಡಿದರೆ ಹಾರ್ಮೋನಿನ ಪ್ರಭಾವ ಇಳಿದು ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹೀಗೆ ದಿನವೂ ಹಾಲು ಉಳಿದರೆ ಕೆಚ್ಚಲು ಉತ್ಪಾದನೆಯನ್ನೇ ತಗ್ಗಿಸಿಕೊಳ್ಳುತ್ತದೆ. ಗದರಿದರೆ, ಹೊಡೆದರೆ ಹೆದರಿಕೆಯ ಹಾರ್ಮೋನಾದ ಅಡ್ರಿನಲಿನ್ ಏರಿ ಈ ಕ್ರಿಯೆಗೇ ತಡೆಯಾಗುತ್ತದೆ. ಇದಕ್ಕೆ ಬದಲಾಗಿ ದಿನವೂ ಆಕ್ಸಿಟೋಸಿನ್ ಚುಚ್ಚುವ ಅಡ್ಡದಾರಿಯನ್ನು ಹಿಡಿಯಲೇಬೇಡಿ. ಕ್ರಮೇಣ ಹಸು ಚುಚ್ಚುಮದ್ದಿಲ್ಲದೆ ಹಾಲಿಳಿಸುವುದಿಲ್ಲ.

ಧಾರೆ ತೆಳುವಾದೊಡನೆ ನಿರ್ವಾತ ನಿಲ್ಲಿಸಿ, ಆಮೇಲೆ ಕಪ್ ತೆಗೆಯಿರಿ, ಎಳೆದು ಕೀಳಬೇಡಿ. ತೊಟ್ಟುಗಳನ್ನು ಸೋಂಕುನಿವಾರಕದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲುವಂತೆ ಮಾಡಿ, ಏಕೆಂದರೆ ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ಯಂತ್ರವನ್ನು ಮೊದಲು ಉಗುರುಬೆಚ್ಚಗಿನ ನೀರಿನಿಂದ, ನಂತರ ಬಿಸಿನೀರು ಮತ್ತು ಮಾರ್ಜಕದಿಂದ ತೊಳೆಯಿರಿ.

ಕಪ್ಪಿನೊಳಗೆ ತೊಟ್ಟನ್ನು ಹಿಡಿಯುವ ರಬ್ಬರ್ ಕೊಳವೆಯೇ ಲೈನರ್. ಅಗ್ಗದ ರಬ್ಬರ್ ಲೈನರ್ ಕೊಳ್ಳುವುದಕ್ಕಿಂತ ಕೈಯಿಂದ ಕರೆಯುವುದೇ ಮೇಲು. ಒಳ್ಳೆಯ ರಬ್ಬರ್ ಲೈನರನ್ನೂ ಸುಮಾರು 2,500 ಕರೆತಗಳ ನಂತರ ಬದಲಿಸಬೇಕು. ಒಂದೇ ಸೆಟ್‌ನಿಂದ ಹತ್ತು ಹಸುಗಳನ್ನು ದಿನಕ್ಕೆರಡು ಬಾರಿ ಕರೆಯುವವರಿಗೆ ಇದು 125 ದಿನಗಳ ಲೆಕ್ಕ. ಬದಲಿಸಿದ ತಾರೀಖನ್ನು ಪಂಪಿನ ಮೇಲೆಯೇ ಬರೆದಿಡಿ.